ಐದು ತಿಂಗಳ ಉಸ್ತಾದರು

ನಮ್ಮ ಉಸ್ತಾದರ ಎರಡೂ ಅಂಗೈಗಳಲ್ಲಿ ಗುಳ್ಳೆಗಳಿದ್ದವು. ಲಾರಿ ಡ್ರೈವರನ ಕೈ ಎಂದರೆ ಜಡ್ಡುಗಟ್ಟಿ ಚಪ್ಪಲಿಯ ಅಟ್ಟೆಯ ಹಾಗಿರಬೇಕು. ಇವರದು ಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತಿದ್ದ ಕೈ. ಸ್ಟೇರಿಂಗ್ ಹಿಡಿಯುವ ಮೊದಲು ಕರವಸ್ತ್ರ ಹರಿದು ಸುತ್ತಿಕೊಳ್ಳುತ್ತಿದ್ದರು. ಮೊದಲ ದಿನ ಅದನ್ನು ನೋಡಿ ಮನಸ್ಸಿನಲ್ಲೇ ಅಂದುಕೊಂಡೆ: ಅಯ್ಯೋ ಶಿವನೇ, ಇವರಿಂದ ನಾನು ಲಾರಿ ಕಲಿಯಬೇಕೆ!

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮುಂಬಯಿಯ ಪರೇಲಿನ ಬಟ್ಟೆ ಗಿರಣಿಯಲ್ಲಿ ಕೆಲಸ ಹೋದ ಮೇಲೆ ನಾನು ಜೋಗೇಶ್ವರಿಯ ಒಂದು ದೊಡ್ಡ ಲಾರಿ ಕಂಪನಿ ಸೇರಿದ್ದೆ. ಲೈಸೆನ್ಸ್ ಇತ್ತು, ಲೋಡ್ ತುಂಬಿದ ಗಾಡಿ ಓಡಿಸಿ ಗೊತ್ತಿರಲಿಲ್ಲ. ಕಂಪನಿಯವರು ಒಂದೇ ಸಲಕ್ಕೆ ಹತ್ತಾರು ಹೊಸ ಲಾರಿ ತಂದಿದ್ದರು. ಹಳೆಯ ಡ್ರೈವರುಗಳೆಲ್ಲ ದೂರದ ಊರುಗಳ ದಾರಿಯಲ್ಲಿ. ಹೀಗಾಗಿ ಐದು ತಿಂಗಳು ಓಡಿಸಿದವರನ್ನೇ ಉಸ್ತಾದ ಎಂದು ಕೂರಿಸಿ, ಹೊಸಬರನ್ನು ಅವರಿಗೆ ಒಪ್ಪಿಸುತ್ತಿದ್ದರು. ನಮ್ಮ ಉಸ್ತಾದರಿಗೆ ಕಲಿಸಿದವನ ಅನುಭವವೂ ಏಳೇ ತಿಂಗಳು. ಕುರುಡನ ಕೈ ಕುರುಡ ಹಿಡಿದ ಕಥೆ.

ಅವರು ಬಾಗಲಕೋಟೆ ಕಡೆಯವರು, ನನಗಿಂತ ಹನ್ನೊಂದು ವರ್ಷ ಚಿಕ್ಕವರು. ಆದರೂ ಇವತ್ತಿಗೂ ನನ್ನ ಬಾಯಿಗೆ 'ಅವನು' ಎಂದು ಬರುವುದಿಲ್ಲ. ಶಿಷ್ಯನಾದವನು ಉಸ್ತಾದನಿಗೆ ಚಹಾ ತಂದುಕೊಡುವುದು ಲಾರಿಯವರ ಪದ್ಧತಿ. ಇವರು ತಾವೇ ಎರಡು ಗ್ಲಾಸು ಹಿಡಿದುಕೊಂಡು ಬಂದು, "ತಗೋರಿ ಅಣ್ಣಾರ, ವಯಸ್ಸಿಗೆ ಮರ್ಯಾದಿ ಬ್ಯಾಡೇನು?" ಎನ್ನುತ್ತಿದ್ದರು. ಏನಾದರೂ ಕೇಳಿ ಅವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಗದರುತ್ತಿರಲಿಲ್ಲ. "ತಡೀರಿ, ನನಗೂ ಗೊತ್ತಿಲ್ಲ. ಕೇಳ್ಕೊಂಡು ಬರ್ತೀನಿ" ಎಂದು ಗಾಡಿ ಬದಿಗೆ ಹಚ್ಚಿ ಇಳಿದೇಬಿಡುತ್ತಿದ್ದರು. ಹಿಂದಿನ ಗಾಡಿಯವರು ಹಾರ್ನ್ ಹೊಡೆದು ಬೈಯುತ್ತಿದ್ದರು, ನನಗೆ ನಾಚಿಕೆಯಾಗುತ್ತಿತ್ತು.

ಒಂದು ಪಾಠ ಮಾತ್ರ ಅವರು ಯಾರನ್ನೂ ಕೇಳದೆ ಕಲಿಸಿದ್ದರು. "ಇಳಿಜಾರು ಬಂತಂದ್ರ ಗಿಯರ್ ತಗದು ನ್ಯೂಟ್ರಲ್ ಮಾಡ್ರಿ. ಗಾಡಿ ತಾನ ಹೊಕ್ಕೈತಿ, ಡೀಸೆಲ್ ಉಳೀತೈತಿ." ಅವರಿಗೆ ಅವರ ಉಸ್ತಾದ ಹೇಳಿದ್ದು ಅದು. ಮುಂಬಯಿಯೊಳಗಿನ ಸಣ್ಣ ಇಳಿಜಾರುಗಳಲ್ಲಿ ಅದರಿಂದ ಏನೂ ತೊಂದರೆಯಾಗಿರಲಿಲ್ಲ.

ಒಂದು ಮಧ್ಯಾಹ್ನ ಯಾರ್ಡಿನಲ್ಲಿ ಮಂಗಳೂರು ಕಡೆಯ ಹಿರಿಯ ಫಿಟ್ಟರ್ ಒಂದು ಲಾರಿಯ ಚಕ್ರ ಬಿಚ್ಚಿದ್ದ. ಬ್ರೇಕ್ ಲೈನರ್ ಸುಟ್ಟು ಕರಕಲಾಗಿತ್ತು. "ಇದನ್ನು ನ್ಯೂಟ್ರಲ್‌ನಲ್ಲಿ ಇಳಿಸಿದ್ದು ಯಾರು ಮಾರಾಯ? ಲೋಡ್ ಗಾಡಿಯನ್ನು ಗಿಯರಿನಲ್ಲಿಟ್ಟು ಇಂಜಿನೇ ಹಿಡಿಯಬೇಕು. ಬರೀ ಬ್ರೇಕಿನ ಮೇಲೆ ಬಿಟ್ಟರೆ ಘಾಟಿನಲ್ಲಿ ಸೀದಾ ಕಮರಿಗೆ!" ಎಂದ.

ಉಸ್ತಾದರು ಬೆರಳು ಮಡಿಸಿ ಎಣಿಸಿದರು. ಅವರು ಆವರೆಗೆ ಕಲಿಸಿದ್ದು ಮೂವರಿಗೆ. ನಾನು ಎದುರಿಗೇ ಇದ್ದೆ. ಇನ್ನೊಬ್ಬನನ್ನು ಹುಡುಕಿಕೊಂಡು ಅಂದು ಸಂಜೆಯೇ ಅವನಿದ್ದ ಚಾಳಿನ ಕೋಣೆಗೆ ಹೋಗಿ ಹೇಳಿ ಬಂದರು. ಮೂರನೆಯವನು ಪುಣೆಗೆ ಹೋಗಿದ್ದ. ಮಾರನೆಯ ದಿನ ಸಕ್ಕರೆ ಮೂಟೆ ತುಂಬಿಕೊಂಡು ಮುಂಬಯಿಗೆ ಬರುತ್ತ ಖಂಡಾಳಾ ಘಾಟ್ ಇಳಿಯುವವನಿದ್ದ.

ಬೆಳಿಗ್ಗೆ ಉಸ್ತಾದರು ಕಾರಣ ಹೇಳಿ ರಜೆ ಕೇಳಿದರು. ಮ್ಯಾನೇಜರ್ ಮೈಸೂರಿನವರು, ಮೆತ್ತಗಿನ ಮಾತು. "ಉಸ್ತಾದನೇ ತಪ್ಪು ಕಲಿಸ್ದೆ ಅಂತ ಸಾರ್ಕೊಂಡು ತಿರುಗಿದ್ರೆ ಕಂಪನಿ ಮರ್ಯಾದೆ ಏನಾಗುತ್ತಪ್ಪಾ? ಅವನು ವಾಪಸ್ ಬಂದ್ಮೇಲೆ ಹೇಳು" ಎಂದರು.

"ವಾಪಸ್ ಬರದಿದ್ರ ಏನ್ ಮಾಡ್ಲಿರಿ ಸಾಹೇಬ್ರ?"

ಕೇಳಿ, ಉತ್ತರಕ್ಕೂ ಕಾಯದೆ ಸ್ಟೇಷನ್ನಿಗೆ ಹೊರಟರು. ನಾನು ಹೋಗಲಿಲ್ಲ.

ಅವತ್ತು ಏನಾಯಿತೆಂದು ಮೂರನೆಯವನೇ ಆಮೇಲೆ ಹೇಳಿದ. ಘಾಟಿನ ತುದಿಯಲ್ಲಿ ಬಿಸಿಲಿಗೆ ನಿಂತು ಯಾರೋ ಟವೆಲ್ ಬೀಸುತ್ತಿದ್ದರಂತೆ. ಹತ್ತಿರ ಬಂದು ನೋಡಿದರೆ ಉಸ್ತಾದರು. ಬರುವ ಲಾರಿಗಳ ನಂಬರ್ ನೋಡುತ್ತ ಐದು ತಾಸು ನಿಂತಿದ್ದರು. ಲಾರಿ ಹತ್ತಿ ಪಕ್ಕದಲ್ಲಿ ಕೂತು, "ನಾ ಕಲಿಸಿದ್ದು ತಪ್ಪೈತಿ, ಮರತಬಿಡು. ಸೆಕೆಂಡ್ ಗಿಯರ್ ಹಾಕು. ನಾನೂ ಈ ಘಾಟ್ ಇಳಿಸಿಲ್ಲ, ಇಬ್ರೂ ಕೂಡೇ ಕಲಿಯೂಣು" ಎಂದರಂತೆ. ಅರ್ಧ ದಾರಿಯಲ್ಲಿ ಕೆಳಗೆ ಕಮರಿ ಕಂಡಿತಂತೆ; ಗಾಡಿ ಮಾತ್ರ ಸೆಕೆಂಡ್ ಗಿಯರಿನಲ್ಲೇ ಮೆಲ್ಲಗೆ ಇಳಿಯಿತಂತೆ.

ಮೂರನೇ ದಿನ ಆಫೀಸಿನಲ್ಲಿ ವಿಚಾರಣೆ, ಶಿಷ್ಯರಲ್ಲಿ ನನ್ನೊಬ್ಬನನ್ನೇ ಕರೆಸಿದ್ದರು. ಉಸ್ತಾದರು ನೇರವಾಗಿ ಹೇಳಿದರು: "ಐದು ತಿಂಗಳಿನವ್ರನ್ನ ಉಸ್ತಾದ ಮಾಡಬ್ಯಾಡ್ರಿ. ನನಗ ಹಿಂಗ ಕಲಿಸಿದ್ರು, ನಾ ಇವರಿಗೆ ಹಂಗ ಕಲಿಸಿದೆ. ಬೇಕಾದ್ರ ಕೇಳ್ರಿ."

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಹೌದೇನಪ್ಪಾ? ನ್ಯೂಟ್ರಲ್‌ನಲ್ಲಿ ಇಳಿಸೋಕೆ ಹೇಳಿಕೊಟ್ನಾ?" ನಾನು ಡ್ರೈವರ್ ಕೆಲಸಕ್ಕೆ ತಯಾರು ಎಂಬ ಕಾಗದ ಅವರ ಮೇಜಿನ ಮೇಲೆಯೇ ಇತ್ತು, ಇನ್ನೂ ಸಹಿಯಾಗಿರಲಿಲ್ಲ. ಮನೆಯಲ್ಲಿ ಹೆಂಡತಿ, ಮೂರು ಮಕ್ಕಳು.

"ಇಲ್ರಿ ಸಾಹೇಬ್ರ, ನನಗ ಅಂಥಾದ್ದೇನೂ ಹೇಳಿಲ್ಲ" ಎಂದೆ.

ಉಸ್ತಾದರು ನನ್ನನ್ನೊಮ್ಮೆ ನೋಡಿದರು. ರಜೆ ಇಲ್ಲದೆ ಗೈರುಹಾಜರಾಗಿ, ಮೇಲೆ ಸುಳ್ಳು ದೂರು ಹೇಳಿದನೆಂದು ಅವರನ್ನು ಅಂದೇ ಕೆಲಸದಿಂದ ತೆಗೆದರು. ನನ್ನ ಕಾಗದಕ್ಕೆ ಸಹಿ ಬಿತ್ತು.

ಆಮೇಲೆ ಅವರು ಯಾರದೋ ತರಕಾರಿ ಲಾರಿ ಓಡಿಸುತ್ತಿದ್ದಾರೆಂದು ಕೇಳಿದ್ದೆ. ಒಮ್ಮೆ ಮಾಟುಂಗ ಸ್ಟೇಷನ್ನಿನ ಹೊರಗೆ ದೂರದಿಂದ ಕಂಡರು. ನಾನು ಹೇಡಿ, ತಲೆ ತಗ್ಗಿಸಿಕೊಂಡು ಬೇರೆ ಗೇಟಿನಿಂದ ಹೊರಟುಹೋದೆ. ಏಳು ವರ್ಷ ಹೀಗೇ ಕಳೆಯಿತು. ಕಾಮಾಲೆಯಾಗಿ ತೀರಿಕೊಂಡರು ಎಂಬ ಸುದ್ದಿ ಬಂದಾಗ ಅವರಿಗೆ ಮೂವತ್ತೊಂದೂ ತುಂಬಿರಲಿಲ್ಲ.

ಸೂತಕದ ದಿನಗಳೆಲ್ಲ ಮುಗಿದ ಮೇಲೆ ಅವರ ಚಾಳಿನ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ನಾನು ಯಾರು, ಅವತ್ತು ಆಫೀಸಿನಲ್ಲಿ ಏನು ಸುಳ್ಳು ಹೇಳಿದೆ, ಎಲ್ಲವನ್ನೂ ನಿಂತುಕೊಂಡೇ ಹೇಳಿದೆ. ಆ ತಾಯಿ, "ಇದನ್ನ ಅವ್ರಿಗೇ ಹೇಳಬೇಕಿತ್ರಿ ಅಣ್ಣಾರ" ಎಂದರು.