ಬಸಿದ ನೀರು

ಕಾರ್ಖಾನೆಯ ಕ್ಯಾಂಟೀನಿನ ಹಿರಿಯ ಅಡುಗೆಯವನನ್ನು ಎಲ್ಲರೂ ಸೌಟಣ್ಣ ಎಂದೇ ಕರೆಯುತ್ತಿದ್ದರು. ಎರಡೂ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರಕ್ಕೆ ತೋಳೊಡ್ಡಿ ಮಲಗುತ್ತಿದ್ದ; ಉಳಿದ ದಿನ ಒಲೆಯ ಮುಂದೆ ನಿಲ್ಲುತ್ತಿದ್ದ. ದುಃಖವೆಂದೇನೂ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಒಲೆಯೊಂದು ಬೇಕಿತ್ತು, ಅಷ್ಟೆ.

ಈಗ ಅದಕ್ಕೂ ಕುತ್ತು ಬಂದಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಏರಿತ್ತು. ಇನ್ನೊಮ್ಮೆ ಹೀಗಾದರೆ ಹೃದಯವೇ ನಿಂತೀತು, ಇಲ್ಲವೇ ಕೆಲಸ ಬಿಟ್ಟು ಆಸ್ಪತ್ರೆಯಲ್ಲೇ ಮಲಗಬೇಕಾದೀತು ಎಂದು ಡಾಕ್ಟರು ಎಚ್ಚರಿಸಿದ್ದರು.

ಡಯಾಲಿಸಿಸ್ ಕೋಣೆಯ ನರ್ಸ್ ಅವನ ಹೆಂಡತಿಯ ಕಡೆ ತಿರುಗಿದಳು. "ತರಕಾರಿ ಬೇಯಿಸಿ, ಪೊಟ್ಯಾಸಿಯಂ ಹೋಗೋ ಹಾಗೆ ನೀರು ಬಸಿದು ಕೊಡ್ತಿದೀರ ತಾನೇ ಅಮ್ಮಾ?"

"ಬಸಿದು ಬಸಿದು ಕೈ ಬಿದ್ದೋಯ್ತು ಸಿಸ್ಟರ್. ಹತ್ತಿ ತಿಂದ ಹಾಗಿದೆ ಅಂತ ಇವರ ಕೈಲಿ ಬೈಸ್ಕೊಂಡೂ ಆಯ್ತು."

"ಮತ್ತೆ ಎಲ್ಲಿಂದ ಬರ್ತಿದೆ? ಹಣ್ಣು ಗಿಣ್ಣು?"

"ದೇವರಾಣೆ ಇಲ್ಲ."

ಸೌಟಣ್ಣ ಸೂರು ನೋಡುತ್ತಲೇ ಹೇಳಿದ: "ಆ ಬಸಿದ ನೀರು ನಾನು ಕುಡೀತೀನಲ್ಲ."

ಇಬ್ಬರೂ ಅವನ ಮುಖವನ್ನೇ ನೋಡಿದರು.

"ರಕ್ತ ಕಮ್ಮಿ ಇದೆ ಅಂದ್ರಲ್ಲ ನೀವು? ತರಕಾರಿ ಸತ್ವ ಎಲ್ಲ ನೀರಲ್ಲೇ ಇರೋದು. ಅದನ್ನ ಮೋರಿಗೆ ಚೆಲ್ಲಿ ಅಭ್ಯಾಸ ಇಲ್ಲ ನನಗೆ. ಕ್ಯಾಂಟೀನಲ್ಲೂ ಒಂದು ಲೋಟ ಎತ್ತಿಟ್ಕೋತೀನಿ."

"ಅಯ್ಯೋ ನನ್ನ ಕರ್ಮವೇ!" ಹೆಂಡತಿ ಹಣೆ ಚಚ್ಚಿಕೊಂಡಳು. "ಪಾತ್ರೆ ಖಾಲಿ ಆಗಿರೋದು ನೋಡಿ, ಪಾಪ, ಚೆಲ್ಲಿ ತೊಳೆದಿಟ್ಟಿದಾರೆ ಅಂತ ಮೆಚ್ಕೋತಿದ್ದೆ ನಾನು!"

ನರ್ಸ್ ನಗು ತಡೆದುಕೊಂಡು ನಳಿಕೆ ಸರಿಮಾಡಿದಳು. "ಅಣ್ಣಾ, ರಕ್ತ ಕಮ್ಮಿ ಆಗಿರೋದು ಸತ್ವ ಇಲ್ಲದೆ ಅಲ್ಲ. ರಕ್ತಕಣ ಮಾಡು ಅಂತ ಮೂಳೆಯೊಳಗಿನ ಮಜ್ಜೆಗೆ ಹೇಳಿಕಳಿಸೋ ಹಾರ್ಮೋನು ಬರ್ತಿದ್ದದ್ದೇ ಮೂತ್ರಪಿಂಡದಿಂದ. ಈಗ ಅದು ಸಾಲ್ತಿಲ್ಲ, ಅದಕ್ಕೇ ನಿಮಗೆ ಇಂಜೆಕ್ಷನ್."

"ಪೊಟ್ಯಾಸಿಯಂ?"

"ಮೂತ್ರಪಿಂಡದ ನೆತ್ತಿ ಮೇಲೆ ಪುಟ್ಟ ಗ್ರಂಥಿ ಕೂತಿದೆ. ಸೋಡಿಯಂ ಉಳಿಸ್ಕೋ, ಪೊಟ್ಯಾಸಿಯಂ ಆಚೆ ಹಾಕು ಅಂತ ಅದರ ಹಾರ್ಮೋನು ಈಗಲೂ ಬರ್ತಾನೇ ಇದೆ. ಕೆಲಸ ಮಾಡೋಕೆ ಮೂತ್ರಪಿಂಡಕ್ಕೆ ತ್ರಾಣ ಇಲ್ಲ. ನೀವು ಕುಡಿದಿದ್ದೆಲ್ಲ ಒಳಗೇ ನಿಂತ್ಕೊಳ್ಳುತ್ತೆ."

"ಗ್ಯಾಸ್ ಖಾಲಿ ಆದ್ರೂ ಆರ್ಡರ್ ಬರ್ತಾನೇ ಇರೋ ಹಾಗೆ," ಎಂದ ಸೌಟಣ್ಣ. ದನಿಯಲ್ಲಿ ಹೆದರಿಕೆಯೂ ಇರಲಿಲ್ಲ, ಬೇಸರವೂ ಇರಲಿಲ್ಲ.

ಮರುದಿನ ಕ್ಯಾಂಟೀನಿನಲ್ಲಿ ದೊಡ್ಡ ಹಂಡೆಯ ಸೊಪ್ಪು ಬೆಂದಿತು. ಬಸಿದ ಹಸಿರು ನೀರಿನ ಕಡೆಗೆ ಕೈ ತಾನಾಗಿ ಲೋಟ ಹಿಡಿದು ಹೋಯಿತು. ಬೇರೆ ಯಾರದೋ ಕೈ ಎಂಬಂತೆ ಅವನು ಅದನ್ನು ನೋಡಿದ. ಲೋಟ ಕೆಳಗಿಟ್ಟು, ಪಾತ್ರೆಯನ್ನು ಎತ್ತಿ ಮೋರಿಗೆ ಸುರಿದ.

"ಏನಣ್ಣಾ ಇದು, ಸೂರ್ಯ ಎಲ್ಲಿ ಹುಟ್ಟಿದಾನೆ ಇವತ್ತು?" ಎಂದಳು ತರಕಾರಿ ಹೆಚ್ಚುವವಳು.

"ಆಸ್ಪತ್ರೆ ಕಡೆ," ಎಂದು ಅವನು ಒಗ್ಗರಣೆಗೆ ಬಾಣಲೆ ಇಟ್ಟ.

ಮುಂದಿನ ವಾರ ಪೊಟ್ಯಾಸಿಯಂ ಇಳಿದಿತ್ತು. ಕೆಲಸ ಬಿಡಬೇಕಾಗಿಲ್ಲ ಎಂದರು ಡಾಕ್ಟರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮಗೆ ಖುಷಿ ಆಗ್ಲಿಲ್ವಾ?"

ಅವನು ಒಳಗೆಲ್ಲ ಹುಡುಕಿ ನೋಡಿದ. "ಗೊತ್ತಾಗ್ತಿಲ್ಲ ಕಣೆ," ಎಂದ. "ನಾಳೆ ಬೇಗ ಎಬ್ಬಿಸು."