ಅಕ್ಕನಿಗೆಂದು ಇಟ್ಟ ರಕ್ತ

ನಮ್ಮ ರಕ್ತನಿಧಿಯಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದೆವು. ಕೆಲಸ ಟೆಕ್ನಿಷಿಯನ್‌ನದು, ಬಾಯಿ ಮಾತ್ರ ಮೇಷ್ಟ್ರದು. ಕಲಿಯಲು ಬಂದವರು ಯಾರೇ ಸಿಗಲಿ, ಪಾಠ ಶುರು.

"ರಕ್ತಕಣದ ಸುತ್ತ ಒಂದು ಪೊರೆ ಇದೆ ಕಣ್ರೀ. ಎರಡು ಪದರ ಜಿಡ್ಡು, ಮಧ್ಯೆ ಮಧ್ಯೆ ಪ್ರೋಟೀನಿನ ಬಾಗಿಲು. ಯಾರನ್ನ ಒಳಗೆ ಬಿಡ್ಬೇಕು, ಯಾರನ್ನ ಬಿಡ್ಬಾರ್ದು ಅಂತ ಅದಕ್ಕೆ ಗೊತ್ತು. ನಮ್ಮತ್ತೆಗೂ ಅಷ್ಟು ಗೊತ್ತಿಲ್ಲ!"

ನೂರು ಸಲ ಕೇಳಿದ ಜೋಕಿಗೂ ನಾನು ನಗುತ್ತಿದ್ದೆ.

ಅವರದೂ ಅವರ ಅಕ್ಕನದೂ ಒಂದೇ ರಕ್ತದ ಗುಂಪು. ಸಾವಿರಾರು ಜನರಲ್ಲಿ ಒಬ್ಬರಿಗೆ ಇರುವಂಥದ್ದು. ಅಕ್ಕನ ಗರ್ಭಕೋಶದ ಗಡ್ಡೆಗೆ ಆಪರೇಷನ್ ಗೊತ್ತಾದಾಗ ಮೇಷ್ಟ್ರು ತಾವೇ ರಕ್ತ ಕೊಟ್ಟರು. ಅದು ಬೇರೆಯವರ ಪಾಲಾಗದಿರಲಿ ಎಂದು, ಯಾರಿಗೂ ಹೇಳದೆ, ಹಳೆಯ ಫ್ರಿಜ್ಜಿನ ಕೆಳತಟ್ಟೆಯಲ್ಲಿ ಎಲ್ಲ ಚೀಲಗಳ ಹಿಂದೆ ಬಚ್ಚಿಟ್ಟರು. ಆ ಫ್ರಿಜ್ಜಿನ ಹಿಂಗೋಡೆಗೆ ತಾಗಿದ್ದೆಲ್ಲ ಮಂಜುಗಟ್ಟುತ್ತದೆಂದು ಬಲ್ಲವರು. ನಾಲ್ಕು ಬೆರಳು ಜಾಗ ಬಿಟ್ಟೇ ಇಟ್ಟಿದ್ದರು.

ಮರುದಿನ ಹೊಸ ಚೀಲಗಳು ಬಂದವು. ಜಾಗ ಮಾಡಲು ಮುಂದಿನ ಸಾಲನ್ನು ಹಿಂದಕ್ಕೆ ತಳ್ಳಿದವಳು ನಾನು.

ಆಪರೇಷನ್ನಿನ ಬೆಳಿಗ್ಗೆ ಮೇಷ್ಟ್ರು ಚೀಲ ತೆಗೆದರೆ ಒಂದು ಮಗ್ಗುಲು ಗಟ್ಟಿ ಮಂಜುಗಡ್ಡೆ. ಮಂಜಿನ ಹರಳು ಪೊರೆ ಹರಿದರೆ ಕಣದೊಳಗಿನ ಕೆಂಪೆಲ್ಲ ಹೊರಗೆ. ಅದನ್ನು ಏರಿಸಿದರೆ ಮೂತ್ರಪಿಂಡ ಉಳಿಯುವುದಿಲ್ಲ. ಅದೂ ಅವರದೇ ಪಾಠ. ನಾನು ತಳ್ಳಿದ ಸಾಲು ಆ ಚೀಲವನ್ನು ಹಿಂಗೋಡೆಗೆ ಒತ್ತಿತ್ತು.

"ಡಾಕ್ಟ್ರೇ, ಇನ್ನೊಂದ್ಸಲ ನನ್ನಿಂದಲೇ ತಗೊಳ್ಳಿ," ಎಂದು ಮೇಷ್ಟ್ರು ಅಂಗಲಾಚಿದರು.

"ಕೊಟ್ಟು ವಾರ ಆಗಿಲ್ಲ. ನಿಮ್ಮನ್ನೂ ಮಲಗಿಸ್ಬೇಕಾ?"

ಎಲ್ಲ ಕಡೆ ಫೋನ್ ಮಾಡಿದೆವು, ಎಲ್ಲೂ ಸಿಗಲಿಲ್ಲ. ಗಡ್ಡೆಯಿಂದ ಅಕ್ಕನಿಗೆ ಆಗುತ್ತಿದ್ದ ರಕ್ತಸ್ರಾವ ನಿಲ್ಲುತ್ತಿರಲಿಲ್ಲ, ಕಾಯುವ ಹಾಗೂ ಇರಲಿಲ್ಲ. "ಯಾಕೋ ಮುಖ ಹಿಂಗಿದೆ? ನಿನ್ ರಕ್ತ ಇದ್ಯಲ್ಲ, ನಂಗೇನಾಗುತ್ತೆ," ಎನ್ನುತ್ತಲೇ ಆಕೆ ಸ್ಟ್ರೆಚರ್ ಮೇಲೆ ಒಳಗೆ ಹೋದರು. ಬಾಗಿಲ ತನಕ ಮೇಷ್ಟ್ರು ಹೂಂಗುಟ್ಟುತ್ತಲೇ ಸ್ಟ್ರೆಚರ್ ತಳ್ಳಿದರು. ಮಧ್ಯಾಹ್ನ ಹೊರಗೆ ಬಂದದ್ದು ಹೆಣ.

"ಬಚ್ಚಿಟ್ಟವನೂ ನಾನೇ, ಕೊಂದವನೂ ನಾನೇ," ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡರು. ಅಕ್ಕನ ಮಕ್ಕಳು ಮಾತು ಬಿಟ್ಟರು. ಹೆಂಡತಿಯೂ, ಅತಿಯಾದರೆ ಅಮೃತವೂ ವಿಷ ಅಂದಳಂತೆ. ಪಾಠ ನಿಂತಿತು. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಅವರೆದುರು ಹೋಗಿ ಕೂತೆ. ಬೇರೇನೋ ಮಾತಾಡಿ ಎದ್ದು ಬಂದೆ. ನನ್ನ ಹೇಡಿತನಕ್ಕೆ ನನಗೇ ಹೇಸಿಗೆ.

ಮೊನ್ನೆ ಅವರೇ ಟೀ ತಂದು ನನ್ನ ಮುಂದಿಟ್ಟರು.

"ಎಲ್ರೂ ಬೈದ್ರಮ್ಮ. ನೀನೊಬ್ಬಳೇ ಒಂದು ಮಾತೂ ಅನ್ಲಿಲ್ಲ. ನಿನ್ನ ಉಪಕಾರ ಮರೆಯಲ್ಲ."

ನಾನು ತಲೆ ತಗ್ಗಿಸಿ ಟೀ ಕುಡಿದೆ.