ಮಗಳನ್ನು ಸೊಸೆ ಎಂದೆ

ಸಿನಿಮಾದಲ್ಲಿ ಅವಳು ಮಗಳು. ನಾನು ಸೊಸೆ ಎಂದೆ. ಬಾಯಿತಪ್ಪಿ ಅಲ್ಲ, ಇಂಗ್ಲಿಷು ಅರ್ಥವಾಗದೆ ಅಲ್ಲ — ಗೊತ್ತಿದ್ದೂ ಗೊತ್ತಿದ್ದೂ, ಕೈಯಲ್ಲಿ ಮೈಕು ಹಿಡಿದುಕೊಂಡು, ಕೊಪ್ಪದ ಶಾಲೆಯ ತುಂಬಿದ ಹಾಲಿನಲ್ಲಿ ಎಂದೆ. ಆ ಒಂದು ಮಾತಿನಿಂದ ನನ್ನ ನಾದಿನಿ ಜಯಮ್ಮನಿಗೆ ಅವಳ ಹೆತ್ತತಾಯಿಗೆ ಎಡೆ ಇಡುವುದನ್ನು ತಪ್ಪಿಸಿದೆ. ಅವತ್ತು ನನಗೆ ಹಾರ ಹಾಕಿದರು. ಕತ್ತು ಬಗ್ಗಿಸಿ ಹಾಕಿಸಿಕೊಂಡೆ.

ನಾನು ಮಳವಳ್ಳಿಯ ಹೈಸ್ಕೂಲಿನಲ್ಲಿ ಕನ್ನಡದ ಮೇಡಮ್ಮು. ಕೊಟ್ಟ ಮನೆ ಕೊಪ್ಪ. ಬಾಯಿ ಜೋರು, ಜಂಬವೂ ಸ್ವಲ್ಪ ಉಂಟು — ಸ್ವಲ್ಪವೇನು, ಬೇಕಾದಷ್ಟುಂಟು. ನಮ್ಮೂರ ಶಾಲೆಗೆ ಹೊಸದಾಗಿ ಬಂದಿದ್ದ ಮೇಷ್ಟ್ರೊಬ್ಬರು ಒಂದು ಶನಿವಾರ ಮಧ್ಯಾಹ್ನ ಮಕ್ಕಳಿಗೂ ಅವರ ಮನೆಯವರಿಗೂ ಸಿನಿಮಾ ತೋರಿಸುತ್ತೇನೆಂದು ಹೊರಟರು. ಮೆಕ್ಸಿಕೋ ದೇಶದಲ್ಲಿ ಸತ್ತವರಿಗೆ ಹಬ್ಬ ಮಾಡುತ್ತಾರಂತೆ, ಅದರ ಮೇಲೆ ತೆಗೆದ ಕಾರ್ಟೂನು ಸಿನಿಮಾ. ಆದರೆ ಮಾತೆಲ್ಲ ಇಂಗ್ಲಿಷು. "ಮೇಡಂ, ನೀವು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳ್ತಾ ಹೋದರೆ ಸಾಕು" ಎಂದು ಕೇಳಿದರು. ನನ್ನ ಬಿಟ್ಟು ಇನ್ನಾರನ್ನು ಕೇಳಬೇಕಿತ್ತು ಎಂದುಕೊಂಡೆ.

ಹಿಂದಿನ ದಿನ ಅವರ ಕಂಪ್ಯೂಟರಿನಲ್ಲಿ ಒಮ್ಮೆ ಪೂರ್ತಿ ನೋಡಿಕೊಂಡೆ. ನೋಡುತ್ತಾ ನೋಡುತ್ತಾ ಮೈ ಜುಮ್ಮೆಂದಿತು. ಇದೇನಿದು, ನಮ್ಮ ಮಾರ್ಲಮಿಯಲ್ಲವೇ! ನಾವು ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವುದಿಲ್ಲವೇ — ಹೊಸ ಬಟ್ಟೆ ಮಡಗಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಯೆಲೆಯ ಮೇಲೆ ಬಡಿಸಿ, ಬಂದು ಉಂಡು ಹೋಗಿ ಎಂದು ಕರೆಯುವುದಿಲ್ಲವೇ — ಅದೇ. ಹೂವು ಕೂಡ ಅದೇ ಚೆಂಡು ಹೂವು.

ಮಾರನೆಯ ದಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲುಬಿನ ಗೂಡುಗಳು ಟೋಪಿ ಹಾಕಿಕೊಂಡು ಪರದೆಯ ಮೇಲೆ ನಡೆದುಬಂದಾಗ ಮೊದಲು ಮಕ್ಕಳು ಕಿರುಚಿದರು, ಆಮೇಲೆ ನಗಾಡಿದರು. ಮುಂದಿನ ಸಾಲಿನಲ್ಲಿ ನಮ್ಮ ಬೀದಿಯ ಬೋರಮ್ಮಜ್ಜಿ ಸೆರಗು ಬಾಯಿಗಿಟ್ಟುಕೊಂಡು, "ಅಯ್ಯೋ ನಿನ್ ಮನೆ ಕಾಯ್ವಾಗ! ಮೂಳೆಗೆಲ್ಲ ಟೋಪಿ ಆಕವ್ರಲ್ಲವ್ವ!" ಎಂದಳು. ನಾನು ಮೈಕಿನಲ್ಲಿ, "ಹೆದರಬೇಡಿ, ಇವರು ದೆವ್ವಗಳಲ್ಲ, ಇವರು ಆ ಮನೆಯ ಹಿರಿಯರು. ವರ್ಷಕ್ಕೊಂದು ಸಲ ಊಟಕ್ಕೆ ಬರುತ್ತಾರೆ" ಎಂದೆ. ಅಷ್ಟೇ ನೋಡಿ. ಹಿಂದಿನಿಂದ ಯಾರೋ, "ಲೇ, ಮಾರ್ಲಮಿ ಕಣ್ಲಾ ಇದು!" ಎಂದು ಕೂಗಿದರು.

ಆಮೇಲೆ ನನಗೆ ಹೆಚ್ಚು ಹೇಳುವ ಕೆಲಸವೇ ಉಳಿಯಲಿಲ್ಲ. ಅವರೇ ಹೇಳತೊಡಗಿದರು. ಎಡೆಯಲ್ಲಿ ಸೀಸೆ ಕಂಡಾಗ ಗಂಡಸರ ಕಡೆಯಿಂದ, "ನಮ್ಮಪ್ಪುಂಗೂ ಅದೇ ಆಗ್ಬೇಕು!" ಎಂಬ ನಗೆ. ಹಿಂದೆ ನಿಂತಿದ್ದ ಮುದುಕರೊಬ್ಬರು ಮೆಲ್ಲಗೆ ಚಪ್ಪಲಿ ಬಿಟ್ಟರು. ಪರದೆಯ ಮೇಲಿನ ಮನೆಯವರು ಎಡೆಯ ಮುಂದೆ ಸುಮ್ಮನೆ ನೋಡುತ್ತಾ ನಿಂತಾಗ ಬೋರಮ್ಮಜ್ಜಿಗೆ ತಡೆಯಲಾಗಲಿಲ್ಲ. "ಬಾಗ್ಲು ಆಕ್ರಪ್ಪ ಮೊದ್ಲು! ನೀವ್ ಅಂಗ್ ಗುರಾಯಿಸ್ಕಂಡ್ ನಿಂತ್ರೆ ಅವ್ರೆಂಗ್ ಉಂಡಾರು?" ಎಂದು ಗದರಿದಳು. ನಮ್ಮಲ್ಲಿ ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ, ಹಿರಿಯರು ಸಂಕೋಚವಿಲ್ಲದೆ ಉಣ್ಣಲಿ ಎಂದು. ಆ ದೇಶದವರಿಗೆ ಅದು ಗೊತ್ತಿಲ್ಲವಲ್ಲ ಎಂದು ಅಜ್ಜಿಗೆ ನಿಜವಾಗಿಯೂ ಸಂಕಟ. ನನಗೆ ಎದೆಯುಬ್ಬಿ ಬಂತು. ಎಲ್ಲಿಯ ಮೆಕ್ಸಿಕೋ, ಎಲ್ಲಿಯ ಕೊಪ್ಪ! ದೊಡ್ಡ ಪಟ್ಟಣದವರು ಇದನ್ನು ನೋಡಿ ಏನೆಂದರೋ ನನಗೆ ಗೊತ್ತಿಲ್ಲ. ನಮ್ಮವರು ಸಿನಿಮಾದೊಳಗಿನವರಿಗೇ ಬುದ್ಧಿ ಹೇಳಿದರು. ಇವತ್ತಿಗೂ ಅದನ್ನು ನೆನೆದರೆ ನನಗೆ ಹೆಮ್ಮೆಯೇ.

ಆ ಹೊತ್ತಿಗೆ ಅದು ಬಂತು. ತಲೆ ನರೆತ ಹೆಂಗಸೊಬ್ಬಳು ಒಬ್ಬಳೇ ಕೂತು, ತೀರಿಹೋದ ತಾಯಿಗೆ ಎಡೆ ಇಡುತ್ತಾಳೆ. ಬಟ್ಟಲು ಇಡುತ್ತಾಳೆ, ಬತ್ತಿ ಹಚ್ಚುತ್ತಾಳೆ, ಹೂವಿನ ಎಸಳು ಉದುರಿಸುತ್ತಾಳೆ, ಅಳುತ್ತಾಳೆ.

"ಅತ್ಗೆ," ಎಂದು ಹೆಂಗಸರ ನಡುವಿನಿಂದ ಒಂದು ದನಿ. ನನ್ನ ನಾದಿನಿ ಜಯಮ್ಮ. ಸಿನಿಮಾ ಇದೆಯೆಂದು ಬೆಸಗರಹಳ್ಳಿಯಿಂದ ಬಸ್ಸು ಹತ್ತಿ ಬಂದಿದ್ದಳು. "ಅವ್ಳು ಆ ಮನೆ ಮಗ್ಳಾ? ಆ ದೇಸ್ದಲ್ಲಿ ಹೆಣ್ಮಕ್ಳು ಎಡೆ ಇಕ್ಬೋದಾ?"

ಅವಳು ಸುಮ್ಮನೆ ಕೇಳಿದ್ದಲ್ಲ. ಅದನ್ನೂ ಹೇಳಬೇಕು.

ನಮ್ಮತ್ತೆ ತೀರಿಕೊಂಡ ವರ್ಷ ಅದು. ಹಾಸಿಗೆ ಹಿಡಿದ ಮೇಲೆ ಅವರನ್ನು ನೋಡಿಕೊಂಡವಳು ನಾನಲ್ಲ — ಜಯಮ್ಮ. ನನಗೆ ಬೆಳಗಿನ ಬಸ್ಸು, ಶಾಲೆ, ಪರೀಕ್ಷೆ. "ಅವ್ವುನ್ನ ನಾನ್ ಕರ್ಕಂಡೋಯ್ತೀನಿ ಬುಡಿ" ಎಂದು ಅವಳು ಬೆಸಗರಹಳ್ಳಿಗೆ ಕರೆದೊಯ್ದಳು. ಅತ್ತೆ ಅವಳ ಮನೆಯಲ್ಲೇ ಕಣ್ಣು ಮುಚ್ಚಿದರು. ಊರಿನ ಬಾಯಿ ಸುಮ್ಮನಿರುತ್ತದೆಯೇ? "ಸೊಸೆ ನೋಡ್ಕಳ್ನಿಲ್ಲ, ಮಗ್ಳು ನೋಡ್ಕಂಡ್ಲು" — ನೀರಿಗೆ ಹೋದಲ್ಲಿ, ಡೇರಿಗೆ ಹಾಲು ಹಾಕಲು ಹೋದಲ್ಲಿ ನನಗೆ ಅದೇ ಮಾತು. ಮೊದಲನೆಯ ಮಾರ್ಲಮಿ ಹತ್ತಿರ ಬಂದಾಗ ಜಯಮ್ಮ ಬಂದು, "ಅತ್ಗೆ, ಈ ಸಲ ಅವ್ವುನ್ ಎಡೆ ನಮ್ಮನೇಲಿ ಇಕ್ಲಾ?" ಎಂದು ಕೇಳಿದಳು. ಎಡೆ ಮಗನ ಮನೆಯದು, ಸೊಸೆಯ ಕೈಯದು — ರೂಢಿ ಹಾಗೆ. ಆದರೂ ನನ್ನ ಯಜಮಾನರು, "ಅದಕ್ಕೇನಂತೆ, ಇಕ್ಕಳ್ಳಿ ಬುಡು" ಎಂದುಬಿಟ್ಟಿದ್ದರು. ನಾನೇ ನೋಡೋಣ ನೋಡೋಣ ಎಂದು ತಳ್ಳುತ್ತಿದ್ದೆ. ಅದೂ ಕೈಬಿಟ್ಟರೆ ಈ ಊರಿನಲ್ಲಿ ನಾನು ಸೊಸೆಯೆಂದು ತಲೆಯೆತ್ತಿ ಹೇಗೆ ನಡೆಯಲಿ — ಇದೇ ನನ್ನ ತಲೆಯಲ್ಲಿ.

ಈಗ ಅವಳು ಊರಿನೆದುರು ಕೇಳಿದ್ದಳು. ನಾನು ಹೌದು ಎಂದಿದ್ದರೆ ಸಾಕಿತ್ತು. ಹೌದು ಕಣಮ್ಮ, ಮಗಳು. ಮೂರೇ ಮಾತು. ನಾನು —

"ಮಗಳಲ್ಲ ಕಣಮ್ಮ, ಸೊಸೆ. ಅಲ್ಲೂ ಎಡೆ ಸೊಸೆಯದೇ" ಎಂದೆ.

ಸುತ್ತಲಿನ ಹೆಂಗಸರು ಲೊಚಗುಟ್ಟಿದರು. "ಅತ್ತೆ ಸತ್ರೆ ಇಂಗ್ ಅಳೋ ಸೊಸೆ! ಎಂಥ ಒಳ್ಳೇವ್ಳು ಕಣವ್ವ, ನಮ್ಮನೇಗೂ ಒಬ್ಳು ಅಂಥವ್ಳು ಸಿಗ್ಬಾರ್ದಾಗಿತ್ತಾ!" ಎಂದು ಬೋರಮ್ಮಜ್ಜಿ ತನ್ನ ಸೊಸೆಯ ಕಡೆ ತಿರುಗಿದಳು. ಎಲ್ಲರೂ ನಕ್ಕರು. ಆ ಸೊಸೆಯೂ ನಕ್ಕಳು. ಕೊನೆಯಲ್ಲಿ ಅದೇ ಅಜ್ಜಿ ನನ್ನ ಗಲ್ಲ ಸವರಿ ನೆಟಿಗೆ ಮುರಿದು, "ನೀನೂ ಅಂಥವ್ಳೇ ಕಣವ್ವ" ಎಂದಳು. ತಡೆಯಬೇಕಿತ್ತು. ತಡೆಯಲಿಲ್ಲ. ಆ ಮಾತಿಗಾಗಿ ನಾನು ಎಷ್ಟು ತಿಂಗಳಿಂದ ಕಾಯುತ್ತಿದ್ದೆನೋ.

ಎಲ್ಲ ಮುಗಿದು ವೈರು ಸುತ್ತುತ್ತಿದ್ದ ಮೇಷ್ಟ್ರು ಮೆಲ್ಲಗೆ, "ಮೇಡಂ, ಅದು ಡಾಟರ್ ಅಂತ ಇತ್ತಲ್ವಾ?" ಎಂದರು. "ನನಗೆ ಇಂಗ್ಲಿಷ್ ಕಲಿಸೋಕೆ ಬಂದ್ರಾ?" ಎಂದು ರೇಗಿದೆ. ಪಾಪ, ಆ ಹುಡುಗ ಮೇಷ್ಟ್ರು ಮತ್ತೆ ವೈರು ಸುತ್ತತೊಡಗಿದರು.

ಜಯಮ್ಮ ಮತ್ತೆ ಎಡೆಯ ವಿಷಯ ಎತ್ತಲಿಲ್ಲ. ಏಳು ಸಮುದ್ರದಾಚೆಗೂ ಇಲ್ಲದ್ದನ್ನು ಬೆಸಗರಹಳ್ಳಿಯಲ್ಲಿ ಹೇಗೆ ಕೇಳುವುದು? ಆದರೆ ಮಾರ್ಲಮಿಗೆ ನಮ್ಮ ಮನೆಗೂ ಬರಲಿಲ್ಲ. ಒಂದು ವರ್ಷ ಹಸು ಕರು ಹಾಕೈತೆ, ಇನ್ನೊಂದು ವರ್ಷ ನಾಟಿ ಅದೆ ಎಂಬ ನೆವ. ನಾನು ಎಡೆ ಇಟ್ಟೆ. ಏನು ಎಡೆ ಅಂತೀರಿ! ಬೀದಿಯವರು ಬಂದು ನೋಡಿಹೋಗುವಂಥ ಎಡೆ. ಊರಿನ ಬಾಯಿ ಕಟ್ಟಿತು. ಬಾಗಿಲು ಮುಚ್ಚಿ ಜಗುಲಿಯ ಮೇಲೆ ಎಲ್ಲರೊಂದಿಗೆ ಕೂತಾಗ ಮಾತ್ರ — ಅತ್ತೆ ಒಳಗೆ ಬಂದು ಎಲೆಯ ಮುಂದೆ ಕೂತು, ಜಯ ಎಲ್ಲಿ ಎಂದು ಹುಡುಕುತ್ತಿರಬಹುದೇ ಎನ್ನಿಸುತ್ತಿತ್ತು. ಹಿರಿಯರಿಗೆ ತಿಳಿಯಲೆಂದು ಕೆಮ್ಮಿ ಬಾಗಿಲು ತೆಗೆದು, ಎಲ್ಲರಿಗೂ ಬಡಿಸುವ ಗಡಿಬಿಡಿಯಲ್ಲಿ ಮರೆಯುತ್ತಿದ್ದೆ. ನಾನೂ ಒಬ್ಬ ತಾಯಿಯ ಮಗಳೇ. ನನ್ನ ತವರಿನಲ್ಲಿ ನನ್ನವ್ವನಿಗೆ ಎಡೆ ಇಡುವವಳು ನನ್ನ ಅಣ್ಣನ ಹೆಂಡತಿ; ನಾನು ಹೊರಗಿನವಳಂತೆ ಹೋಗಿ ಉಂಡು ಬರುತ್ತೇನೆ. ಆ ಉರಿ ಏನೆಂದು ಗೊತ್ತಿದ್ದವಳೇ ಇದನ್ನು ಮಾಡಿದ್ದು.

ಈ ವರ್ಷ ಬೆಸಗರಹಳ್ಳಿಯವರು ಕರೆದರು. ಕೊಪ್ಪದಲ್ಲಿ ಆ ಸಿನಿಮಾ ಹೇಳಿದ ಮೇಡಮ್ಮೇ ಬೇಕಂತೆ, ಅದೇ ಸಿನಿಮಾ ಬೇಕಂತೆ. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ — ಆಗಲಿ ಎಂದೆ. ಎಷ್ಟು ದಿನ ಅಂತ ಈ ಬಿಸಿತುಪ್ಪ? ಉಗುಳಲೂ ಇಲ್ಲ, ನುಂಗಲೂ ಇಲ್ಲ.

ಶಾಲೆಯ ಹಾಲು ಅಲ್ಲೂ ತುಂಬಿತ್ತು. ಅಲ್ಲೂ ಟೋಪಿಗೆ ನಕ್ಕರು, ಚೆಂಡು ಹೂವಿಗೆ ಕೈ ಮುಗಿದರು, ಬಾಗಿಲು ಮುಚ್ಚಿ ಎಂದು ಗದರಲು ಆ ಊರಿಗೂ ಒಬ್ಬ ಬೋರಮ್ಮಜ್ಜಿಯಿದ್ದಳು. ಜಯಮ್ಮ ಗೋಡೆಗೆ ಒರಗಿ ಕೂತಿದ್ದಳು. ನರೆತ ತಲೆಯ ಹೆಂಗಸು ಬಟ್ಟಲು ಕೈಗೆತ್ತಿಕೊಂಡಳು.

"ಇವಳು ಮಗಳು," ಎಂದೆ. "ತನ್ನ ತಾಯಿಗೆ ಎಡೆ ಇಡುತ್ತಿದ್ದಾಳೆ. ಹಿಂದೆ ಕೊಪ್ಪದಲ್ಲಿ ಇವಳನ್ನು ಸೊಸೆ ಅಂದಿದ್ದೆ. ಅದು ಸುಳ್ಳು. ಗೊತ್ತಿದ್ದೇ ಹೇಳಿದ ಸುಳ್ಳು. ನನ್ನ ನಾದಿನಿ ಜಯಮ್ಮ ಇಲ್ಲೇ ಕೂತಿದ್ದಾಳೆ — ಅವಳಿಗೆ ಹೇಳಿದ ಸುಳ್ಳು."

ಎಲ್ಲರ ತಲೆಯೂ ಗೋಡೆಯ ಕಡೆ ತಿರುಗಿತು. ಪರದೆಯ ಮೇಲೆ ಹಾಡು ಶುರುವಾಗಿತ್ತು. ಜಯಮ್ಮ ಸೆರಗಿನಿಂದ ಮೂಗೊರೆಸಿಕೊಂಡು, "ಮುಂದುಕ್ಕೇಳಿ ಅತ್ಗೆ, ಸಿನ್ಮಾ ಓಯ್ತಾ ಅದೆ" ಎಂದಳು. ಮುಂದಕ್ಕೆ ಹೇಳಿದೆ. ಏನು ಹೇಳಿದೆನೋ ದೇವರಿಗೇ ಗೊತ್ತು. ಮುಗಿದ ಮೇಲೆ ಆ ಊರಿನ ಹೆಂಗಸರು ನನ್ನ ಹತ್ತಿರ ಬರಲಿಲ್ಲ, ಅವಳ ಸುತ್ತ ನೆರೆದರು. "ಈ ಸಲ ನೀನೇ ಇಕ್ಕು ಜಯ, ನಾವೂ ಇಕ್ತೀವಿ ನಮ್ಮವ್ವಂದ್ರಿಗೆ. ಯಾವನ್ ಬೇಡ ಅಂತಾನೋ ನೋಡ್ತೀವಿ" ಎಂದು ಒಬ್ಬಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. ದೂರ ನಿಂತು ನೋಡಿದೆ. ಆ ಹೆಣ್ಣುಮಕ್ಕಳ ಮೇಲೆ ನನಗೆ ಬಂದ ಹೆಮ್ಮೆ — ನಾನು ಹಾರ ಹಾಕಿಸಿಕೊಂಡ ದಿನವೂ ಅಷ್ಟು ಬಂದಿರಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಜಯಮ್ಮ ಮನೆಗೆ ಕರೆದು ಕಾಫಿ ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈ ಮಾರ್ಲಮಿಗೆ ಅತ್ತೆಯ ಎಡೆ ನಿನ್ನ ಮನೆಯಲ್ಲೇ, ನಿನ್ನ ಕೈಯಲ್ಲೇ" ಎಂದೆ. "ಊಂ, ಇಕ್ತೀನಿ," ಎಂದಳು. ಕೊಡಿ ಎಂದು ಕೇಳಲಿಲ್ಲ, ಕೊಟ್ಟಿರೆಂದು ಹಿಗ್ಗಲೂ ಇಲ್ಲ. ಆಮೇಲೆ, "ಇಷ್ಟು ವರ್ಸ ಅವ್ವುಂಗೆ ಏನೇನ್ ಇಕ್ಕುದ್ರಿ ಅತ್ಗೆ?" ಎಂದು ಕೇಳಿದಳು.

ಆಗಲೂ ನನ್ನ ಜಂಬ ಸಾಯಲಿಲ್ಲ ನೋಡಿ. ಒಂದೊಂದೇ ಹೇಳಿದೆ. ನಾನೇ ಕೂತು ಕರಿದ ನಿಪ್ಪಟ್ಟು, ಕೋಡುಬಳೆ, ಚಕ್ಕುಲಿ, ಮದ್ದೂರಿನಿಂದ ತರಿಸಿದ ಗರಿಗರಿ ವಡೆ, ನಾಟಿಕೋಳಿ ಸಾರಿನಲ್ಲಿ ಗಟ್ಟಿ ತುಂಡು...

ಜಯಮ್ಮ ಲೋಟ ಕೆಳಗಿಟ್ಟಳು. ಅವಳ ಕಣ್ಣಿನಲ್ಲಿ ನೀರು ತುಂಬಿಕೊಂಡದ್ದನ್ನು ಆಗ ನೋಡಿದೆ.

"ಅವ್ವುಂಗೆ ಹಲ್ಲೆಲ್ಲಿದ್ದೊ ಅತ್ಗೆ?" ಎಂದಳು. "ಕೊನೇಲಿ ಒಂದೂ ಇರ್ನಿಲ್ಲ. ನೀವು ನೋಡಕ್ ಬಂದಾಗ ತರ್ತಿದ್ದ ವಡೇನ ನಾನು ಹಾಲಲ್ಲಿ ನೆನೆಸಿ, ಕಿವುಚಿ ಕೊಡ್ತಿದ್ದೆ. 'ಸೊಸೆ ತಂದವ್ಳೆ, ಬ್ಯಾಡ ಅನ್ಬಾರ್ದು ಕಣೇ' ಅಂತ ತಿನ್ನೋಳು."

ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದೂ ಒಂದು ನೆವವೇ — ಆ ಮುಖದ ಎದುರು ಕೂತು ಮಾತಾಡಿ ಬಂದವಳು ನಾನು, ಬಾಯೊಳಗೆ ಹಲ್ಲಿಲ್ಲದ್ದು ಕಾಣಲಿಲ್ಲವೆಂದರೆ ಏನನ್ನು ನೋಡಿ ಬಂದೆ? ಎರಡು ಊರಿನಲ್ಲಿ ಮೈಕು ಹಿಡಿದು ಹಿರಿಯರನ್ನು ನೆನೆಯಿರಿ ನೆನೆಯಿರಿ ಎಂದೆ. ನೆನೆಸಿ ತಿನ್ನಿಸಿದವಳನ್ನು ಬಾಗಿಲ ಹೊರಗಿಟ್ಟೆ. ಇಷ್ಟು ಮಾರ್ಲಮಿಯೂ ಅತ್ತೆ ಬಂದು, ನನ್ನ ಎಲೆಯ ಮುಂದೆ ಕೂತು, ಒಂದನ್ನೂ ಅಗಿಯಲಾಗದೆ ಹಸಿದುಕೊಂಡು ಎದ್ದು ಹೋಗಿದ್ದಾರೆ.